ಭುಜದ ಹಿಂದಿನ ಬಂಡೆ

ಫೋಟೋದ ಮುಂದೆ ಬಂದು ನಿಂತವರು ಬೇಗ ಕದಲುತ್ತಿರಲಿಲ್ಲ. ಚರ್ಚಿನ ನೆಲಮಾಳಿಗೆಯಲ್ಲಿ, ಕಾಫಿ ಹಂಡೆಯ ಪಕ್ಕದ ಕುರ್ಚಿಯಲ್ಲಿ ಕೂತ ಆರ್ಡಿಸ್ ಅದನ್ನೇ ನೋಡುತ್ತಿದ್ದಳು. ಹಂದಿಮಾಂಸದ ಬನ್ನು, ಆಲೂಗಡ್ಡೆಯ ಹಾಟ್‌ಡಿಶ್ಶು ಬಡಿಸಿಕೊಂಡ ಕಾಗದದ ತಟ್ಟೆಗಳನ್ನು ಹಿಡಿದುಕೊಂಡೇ ಗಂಡಸರು ಒಬ್ಬೊಬ್ಬರಾಗಿ ಬರುತ್ತಿದ್ದರು. ಹೂವಿನ ಎರಡು ಕುಂಡಗಳ ನಡುವೆ ನಿಲ್ಲಿಸಿದ್ದ, ತೀರಿಕೊಂಡ ಅವಳ ಗಂಡ ಹಾಲ್ವರ್‌ನ ದೊಡ್ಡ ಫೋಟೋದ ಮುಂದೆ, ಕೀರ್ತನೆಯ ಒಂದು ಚರಣ ಹಾಡಿ ಮುಗಿಸುವಷ್ಟು ಹೊತ್ತು ಉಳಿಯುತ್ತಿದ್ದರು. ಒಬ್ಬ ಮೂಗು ಗಾಜಿಗೆ ತಾಗುವಷ್ಟು ಬಗ್ಗಿದ. ಇನ್ನೊಬ್ಬ ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡ. ಗಾಳದ ಸಾಮಾನಿನ ಅಂಗಡಿ ಇಟ್ಟಿದ್ದ ರೋಲಿ ಒಮ್ಮೆ ಬಂದು ಹೋದವನು ಲೋಟಕ್ಕೆ ಕಾಫಿ ತುಂಬಿಸಿಕೊಂಡು ಎರಡನೆಯ ಸಲವೂ ಬಂದ.

ಎಲ್ಲರಿಗಿಂತ ಹೆಚ್ಚು ಹೊತ್ತು ನಿಂತವನು ಹಾಲ್ವರ್‌ನ ತಮ್ಮ ಡೆಲ್ಮರ್. ಅವನಿಗೆ ಅರವತ್ತನಾಲ್ಕು ವರ್ಷ. ಜಿಲ್ಲೆಯ ರಸ್ತೆಗಳಲ್ಲಿ ಹಿಮ ತಳ್ಳುವ ಗಾಡಿ ಓಡಿಸಿ ನಿವೃತ್ತನಾದವನು, ಅಪ್ಪ ಸತ್ತ ದಿನವೂ ಕಣ್ಣೊದ್ದೆ ಮಾಡಿಕೊಳ್ಳದವನು. ಅಂಥವನು ದೂರದ ಕನ್ನಡಕ ತೆಗೆದು, ಜೇಬಿನಿಂದ ಓದುವ ಕನ್ನಡಕ ತೆಗೆದು ಮೂಗಿಗೇರಿಸಿಕೊಂಡ. ಬೆರಳನ್ನು ಗಾಜಿನ ಮೇಲೆ, ಅಣ್ಣನ ಭುಜದ ಹತ್ತಿರ ಇಟ್ಟ. ಹಾಗೇ ಸುಮಾರು ಹೊತ್ತು ಇದ್ದು, ಕೊನೆಗೆ ಫೋನ್ ತೆಗೆದು ಫೋಟೋದ್ದೇ ಒಂದು ಫೋಟೋ ತೆಗೆದುಕೊಂಡ. ಅಣ್ಣತಮ್ಮಂದಿರು ಮೂವತ್ತು ವರ್ಷದಿಂದ ಹಬ್ಬದೂಟಕ್ಕೆ ಸೇರಿದಾಗ ಹವೆಯ ಮಾತು ಬಿಟ್ಟು ಬೇರೆ ಆಡಿದ್ದಿಲ್ಲ.

ಕಾಫಿ ಬಗ್ಗಿಸುತ್ತಿದ್ದ ಓರಗಿತ್ತಿ ಮಾರ್ಲಿಸ್‌ಗೆ ಅವಳು ಮೆಲ್ಲಗೆ ಹೇಳಿದಳು, "ನಿನ್ನ ಗಂಡ ಅಳ್ತಿದಾನೆ ಅನ್ಸುತ್ತೆ ಕಣೇ."

"ಅವ್ರಾ? ಈರುಳ್ಳಿ ಹೆಚ್ಚಿದ್ರೂ ಅಳಲ್ಲ ಅಕ್ಕ," ಅಂದಳು ಮಾರ್ಲಿಸ್. ಅಂದರೂ ತಿರುಗಿ ನೋಡಿದಳು.

ಆ ಫೋಟೋ ಆರಿಸಿದ್ದು ಆರ್ಡಿಸ್. ಹಾಲ್ವರ್ ಮೀನು ಎತ್ತಿ ಹಿಡಿದ ಫೋಟೋಗಳು ಮನೆಯಲ್ಲಿ ನಲವತ್ತಕ್ಕೂ ಹೆಚ್ಚಿದ್ದವು. ಒಂದರಲ್ಲೂ ಅವನ ಮುಖ ನೆಟ್ಟಗಿರಲಿಲ್ಲ. ಟ್ಯಾಮರಾಕ್ ಸರೋವರದಲ್ಲಿ ಮಸ್ಕಿ ಎಂಬ ದೊಡ್ಡ ಬೇಟೆಮೀನು ಹಿಡಿದವನ ಫೋಟೋವನ್ನು ದೋಣಿಯ ತಳದಲ್ಲಿ ಕೂತು, ಕೆಳಗಿನಿಂದ ಮೇಲಕ್ಕೆ ತೆಗೆಯುವುದೇ ರೂಢಿ. ಹಿಂದೆ ಬರಿಯ ಆಕಾಶ. ಬಿಸಿಲಿಗೆ ಕಿವಿಚಿಕೊಂಡ ಕಣ್ಣು, ಟೋಪಿಯ ನೆರಳು ನುಂಗಿದ ಹಣೆ. ಅವನಿಗಿಂತ ಮೀನಿನ ಮುಖವೇ ಸ್ಪಷ್ಟ. ಮನುಷ್ಯ ಕಾಣುವಂಥದ್ದು ಒಂದು ಕೊಡಿ ಎಂದು ಪಾದ್ರಿ ಕೇಳಿದಾಗ ಅವಳು ಹೊಲಿಗೆ ಡಬ್ಬಿಯ ತಳದಿಂದ ಇದನ್ನು ತೆಗೆದಳು. ಆರು ವರ್ಷದ ಹಿಂದಿನ ಸೆಪ್ಟೆಂಬರಿನದು. ಮೀನನ್ನು ಆಗಷ್ಟೇ ನೀರಿಗೆ ಬಿಟ್ಟು, ಮೊಣಕೈವರೆಗೆ ತೋಯ್ದ ತೋಳುಗಳಲ್ಲಿ, ದೋಣಿಯಲ್ಲಿ ಮಂಡಿಯೂರಿದ್ದವನು ಅವಳ ಕಡೆ ತಿರುಗಿದ್ದ. ಟೋಪಿ ಹಿಂದಕ್ಕೆ ಸರಿದಿತ್ತು. ಬಾಯಿತುಂಬ ನಗುತ್ತಿದ್ದ. ಅವಳು ಎದ್ದು ನಿಂತವಳು ನಿಂತಂತೆಯೇ ಗುಂಡಿ ಒತ್ತಿಬಿಟ್ಟಿದ್ದಳು. ಅವನ ಬಲಭುಜದ ಹಿಂದೆ ಎರಡಾಗಿ ಸೀಳಿದ ಒಂದು ಬಂಡೆ, ಬಂಡೆಯ ಮೇಲೆ ನೀರಿನ ಕಡೆ ವಾಲಿದ ಸೀಡರ್ ಮರ. ಅವನು ಹೋದ ಮೇಲಿನ ಆ ಮೂರು ದಿನಗಳಲ್ಲಿ ಅವಳ ಕಣ್ಣಿಗೆ ಬಿದ್ದದ್ದು ಆ ನಗು ಒಂದೇ.

ಹೊರಡುವಾಗ ರೋಲಿ ಅವಳ ಎರಡೂ ಕೈ ಹಿಡಿದುಕೊಂಡು, "ನಿಮ್ಮೋರಿಗೆ ನೀರೊಳಗೆ ಕಣ್ಣಿತ್ತು," ಅಂದ. "ಎಲ್ಲಿ ಎಸೀಬೇಕು, ಯಾವ್ದನ್ನ ಎಸೀಬೇಕು, ಅವ್ರಿಗೆ ಗೊತ್ತಿದ್ದಂಗೆ ಈ ಸರೋವರದಲ್ಲಿ ಯಾರಿಗೂ ಗೊತ್ತಿರ್ಲಿಲ್ಲ."

ಆರ್ಡಿಸ್ ತಲೆಯಾಡಿಸಿದಳು. ಆ ಮಾತಿಗೆ ತಲೆಯಾಡಿಸಿ ಅವಳಿಗೆ ಅಭ್ಯಾಸವಾಗಿತ್ತು.

ನಲವತ್ತೊಂದು ವರ್ಷ ದೋಣಿಯ ಹಿಂಬದಿಯಲ್ಲಿ ಎಂಜಿನ್ನಿನ ಹಿಡಿ ಹಿಡಿದು ಕೂತವಳು ಅವಳು. ಬೆಳಗ್ಗೆ ದೋಣಿಕಟ್ಟೆಯ ತುದಿಯಲ್ಲಿ ನಿಂತು ಗಾಳಿ ಯಾವ ಕಡೆಯದು, ಎಷ್ಟು ದಿನದ್ದು, ಅಲೆ ಯಾವ ದಡಕ್ಕೆ ಬಡಿಯುತ್ತಿದೆ ಎಂದು ನೋಡುವವಳೂ ಅವಳೇ. ಗಾಳಿ ಮೂರು ದಿನ ಒಂದೇ ದಿಕ್ಕಿನಿಂದ ಬೀಸಿದ್ದರೆ ಸಣ್ಣ ಮೀನೆಲ್ಲ ಆಚೆ ದಡದ ಬಂಡೆಗಳಿಗೆ ಒತ್ತಿಕೊಂಡಿರುತ್ತವೆ. ಅವನ್ನು ಹುಡುಕಿಕೊಂಡು ದೊಡ್ಡದು ಅಲ್ಲಿಗೆ ಬಂದಿರುತ್ತದೆ. ಗಾಳಿ ಬಿದ್ದುಹೋದ ದಿನ ನೀರುಗಿಡದ ಹೊರ ಅಂಚು ನೋಡಬೇಕು. ಮೋಡವಿದ್ದರೆ ಗಾಳಕ್ಕೆ ಕಪ್ಪು ಹುಸಿಮೀನು, ಬಿಸಿಲಿದ್ದರೆ ಹಿತ್ತಾಳೆಯ ತಗಡು ಮಿನುಗುವಂಥದ್ದು, ಮಳೆ ನಿಂತ ಮೇಲೆ ಗುಳುಗುಳು ಸದ್ದು ಮಾಡುತ್ತ ನೀರಿನ ಮೇಲೆಯೇ ತೇಲಿ ಬರುವಂಥದ್ದು. ಪೆಟ್ಟಿಗೆಯ ಮುಚ್ಚಳ ತೆಗೆದು, ಒಂದು ಹುಸಿಮೀನು ಆರಿಸಿ ಅವನ ಕೈಗೆ ಕೊಡುತ್ತಿದ್ದಳು. ಹಾಲ್ವರ್ ಆ ಹುಸಿಮೀನುಗಳನ್ನು ಮರದಲ್ಲಿ ಕೆತ್ತುತ್ತಿದ್ದ, ಬಣ್ಣ ಬಳಿಯುತ್ತಿದ್ದ, ಗಾಳದ ದಾರಕ್ಕೆ ಕಟ್ಟಿ ಬೆಳಗಿನಿಂದ ಸಂಜೆಯವರೆಗೆ ತೋಳು ಸೋಲದೆ ಎಸೆಯುತ್ತಿದ್ದ. ಎಲ್ಲಿ, ಯಾವುದು ಎಂಬುದನ್ನು ಮಾತ್ರ ಹಿಂದಕ್ಕೆ ತಿರುಗಿ ಅವಳನ್ನು ಕೇಳುತ್ತಿದ್ದ. ಮದುವೆಯಾದ ಹೊಸದರಲ್ಲಿ ಅವಳು ತಮಾಷೆಗೆಂದು ಹೇಳಿದ್ದು ಒಮ್ಮೆ ನಿಜವಾಯಿತು. ಆಮೇಲೆ ಅದೇ ಪದ್ಧತಿಯಾಯಿತು. ಊರವರಿಗೆ ಹೇಳುವ ಪ್ರಸಂಗ ಬರಲಿಲ್ಲ. ಅವನೂ ಹೇಳಲಿಲ್ಲ, ಅವಳೂ ಹೇಳಲಿಲ್ಲ.

ಅಂದು ಸಂಜೆ ಡೆಲ್ಮರನೇ ಫೋಟೋ ಹೊತ್ತು ತಂದು ಊಟದ ಮೇಜಿನ ಎದುರಿನ ಗೋಡೆಗೆ ಮೊಳೆ ಹೊಡೆದು ತೂಗುಹಾಕಿಕೊಟ್ಟು ಹೋದ. ಅವನ ಗಾಡಿಯ ಸದ್ದು ದೂರವಾದ ಮೇಲೆ ಪಡುವಣ ಕಿಟಕಿಯಿಂದ ಬಿಸಿಲು ಅಡ್ಡಡ್ಡವಾಗಿ ಬಂದು ಗಾಜಿನ ಮೇಲೆ ಬಿತ್ತು. ಆಗ ಕಂಡವು ಗುರುತುಗಳು. ಹಂದಿಮಾಂಸದ ಜಿಡ್ಡು ಅಂಟಿದ ಬೆರಳುಗಳವು. ಹತ್ತೋ ಹದಿನೈದೋ, ಒಂದರ ಮೇಲೊಂದು, ಎಲ್ಲ ಅವನ ಬಲಭುಜದ ಹತ್ತಿರವೇ. ಇಷ್ಟು ಜನ ಅವನ ಭುಜ ತಟ್ಟಿ ಕಳಿಸಿಕೊಟ್ಟರಲ್ಲ ಎಂದು ಅವಳು ಮೊದಲ ಸಲ ಬಿಕ್ಕಿ ಅತ್ತಳು. ಒರೆಸಲು ತಂದಿದ್ದ ಬಟ್ಟೆಯನ್ನು ಮಡಿಚಿ ಹಾಗೇ ಒಳಗಿಟ್ಟಳು.

ಕೊನೆಯ ವಾರ, ಕಿಟಕಿಯ ಪಕ್ಕಕ್ಕೆ ಮಂಚ ಹಾಕಿಸಿಕೊಂಡು ಮಲಗಿದ್ದಾಗ ಹಾಲ್ವರ್ ಕೇಳಿದ್ದು ಒಂದೇ. "ಸೆಪ್ಟೆಂಬರಲ್ಲಿ ನೀನೊಬ್ಳೇ ದಿಬ್ಬದ ಹತ್ರ ಹೋಗು. ನೀರು ತಣ್ಣಗಾದ್ಮೇಲೆ. ಕರೀದನ್ನ ಹಾಕು. ನಾನು ಕೇಳ್ದೆ ಅಂತ ಹೇಳು ಅವಳಿಗೆ."

ಅವಳು ಅಂದರೆ ದಿಬ್ಬದ ಮೀನು. ಐವತ್ತನಾಲ್ಕು ಇಂಚಿನ ಹಳೆಯ ಹೆಣ್ಣು ಮಸ್ಕಿ, ಎಡ ಕಿವಿರಿನ ಮುಚ್ಚಳದ ಮೇಲೆ ಬಿಳಿಯ ಗಾಯದ ಗುರುತು. ಹನ್ನೊಂದು ಶರತ್ಕಾಲ ಅದು ಅವರ ದೋಣಿಯ ಪಕ್ಕದವರೆಗೆ ಹುಸಿಮೀನಿನ ಹಿಂದೆ ಬಂದು, ನೋಡಿ, ಮುಳುಗಿ ಹೋಗಿತ್ತು. ಕಚ್ಚಿದ್ದು ಒಂದೇ ಸಲ, ಆ ಫೋಟೋ ತೆಗೆದ ದಿನ. ದಿಬ್ಬವೆಂಬುದು ದಡದಿಂದ ಐದು ಮೈಲಿ ಒಳಗೆ, ಒಂದು ನಡುಗಡ್ಡೆಯ ಎದುರಿಗಿದ್ದ ನೀರಡಿಯ ಕಲ್ಲುಸಾಲು. ಯಾವ ನಕ್ಷೆಯಲ್ಲೂ ಇಲ್ಲ. ಮೂವತ್ತಮೂರು ವರ್ಷದ ಹಿಂದೆ ಆರ್ಡಿಸ್ ಎಂಜಿನ್ನನ್ನು ಕಲ್ಲಿಗೆ ತಾಗಿಸಿಕೊಂಡು ಅದನ್ನು ಕಂಡುಹಿಡಿದಿದ್ದಳು. ಬೇಸಗೆಯಲ್ಲಿ ಅವರು ಅಲ್ಲಿಗೆ ಹೋಗುತ್ತಲೇ ಇರಲಿಲ್ಲ. ಕಟ್ಟೆಯ ಕಂಬಕ್ಕೆ ಕಟ್ಟಿದ್ದ ಉಷ್ಣಮಾಪಕದ ಮೇಲೆ ಎಂಬತ್ತು ಡಿಗ್ರಿ ಫ್ಯಾರನ್‌ಹೀಟ್‌ನ ಗುರುತಿಗೆ ಹಾಲ್ವರ್ ಕೆಂಪು ಬಣ್ಣದ ಗೆರೆ ಎಳೆದಿದ್ದ. ನೀರು ಗೆರೆ ದಾಟಿದರೆ ದೋಣಿ ಕಟ್ಟೆಯಲ್ಲೇ. ಬಿಸಿನೀರಿನಲ್ಲಿ ಮಸ್ಕಿ ಸೆಣಸಿ ಸುಸ್ತಾದರೆ ಬಿಟ್ಟ ಮೇಲೂ ಚೇತರಿಸಿಕೊಳ್ಳುವುದಿಲ್ಲ.

ಆಗಸ್ಟ್ ಎರಡನೆಯ ವಾರದ ಹೊತ್ತಿಗೆ ಅವಳಿಗೆ ಮನೆಯಲ್ಲಿ ಮಾಡಲು ಏನೂ ಉಳಿದಿರಲಿಲ್ಲ. ಅಂತ್ಯಕ್ರಿಯೆಗೆ ಊಟ ಕೊಟ್ಟವರ ಪಾತ್ರೆಗಳನ್ನು, ತಳಕ್ಕೆ ಅಂಟಿಸಿದ ಹೆಸರು ನೋಡಿ ನೋಡಿ, ಮನೆಮನೆಗೂ ತಲುಪಿಸಿ ಬಂದಾಗಿತ್ತು. ಒಂದು ಬೆಳಗ್ಗೆ ಗಾಳ, ಕೋಲು ಏನನ್ನೂ ತೆಗೆದುಕೊಳ್ಳದೆ, ಸುಮ್ಮನೆ ಕೂತು ಬರೋಣವೆಂದು ದೋಣಿ ಬಿಚ್ಚಿದಳು. ದಿಬ್ಬ ಇನ್ನೂ ದೂರವಿರುವಾಗ ನೀರ ಮೇಲೆ ಬಾತುಕೋಳಿ ಕೂತಿವೆ ಅಂದುಕೊಂಡಳು. ಹತ್ತಿರವಾದಂತೆ ಅವು ದೋಣಿಗಳಾದವು. ನಾಲ್ಕು.

ಮುಂದಿನದರಲ್ಲಿ ಡೆಲ್ಮರ್ ನಿಂತಿದ್ದ. ಫೋನನ್ನು ತೋಳುದ್ದಕ್ಕೆ ಚಾಚಿ ಹಿಡಿದು, ಒಂದು ಕಣ್ಣು ಮುಚ್ಚಿ, ಅದರೊಳಗಿನ ಚಿತ್ರವನ್ನು ಎದುರಿನ ನಡುಗಡ್ಡೆಗೆ ಹೊಂದಿಸಿ ನೋಡುತ್ತಿದ್ದ. ಎದುರಿಗೆ ಸೀಳುಬಂಡೆ, ಮೇಲೆ ವಾಲಿದ ಸೀಡರ್. "ಇನ್ನೊಂಚೂರು ಎಡಕ್ಕೆ," ಅಂತ ಅವನು ಎಂಜಿನ್ನಿನ ಹತ್ತಿರವಿದ್ದ ರೋಲಿಗೆ ಹೇಳುತ್ತಿದ್ದದ್ದು ನೀರ ಮೇಲೆ ಸ್ಪಷ್ಟವಾಗಿ ಕೇಳಿಸಿತು. "ಮರ ಬಂದು ಸೀಳಿನ ಮೇಲೆ ಕೂರ್ಬೇಕು. ಹಾಂ, ಸಾಕು, ನಿಲ್ಸು."

ಆರ್ಡಿಸ್‌ಗೆ ಆ ಓದುವ ಕನ್ನಡಕ, ಗಾಜಿನ ಮೇಲಿನ ಆ ಬೆರಳು, ಕೀರ್ತನೆಯ ಚರಣದಷ್ಟು ಉದ್ದದ ಆ ಮೌನಗಳೆಲ್ಲ ಒಟ್ಟಿಗೆ ನೆನಪಿಗೆ ಬಂದವು. ದೋಣಿಯ ತಳದಲ್ಲಿ ಕೂತು ಆಕಾಶವನ್ನೇ ಹಿಂದಿಟ್ಟು ಫೋಟೋ ತೆಗೆಯುವುದು ಯಾತಕ್ಕೆ ಎಂಬುದು ಈ ಸರೋವರದ ಮಗುವಿಗೂ ಗೊತ್ತು. ಒಂದು ಮರದ ತುದಿ, ಒಂದು ಮನೆಯ ಮಾಡು ಕಂಡರೆ ಸಾಕು, ಮರುವಾರ ಅಲ್ಲಿ ಹತ್ತು ದೋಣಿ. ನಲವತ್ತೊಂದು ವರ್ಷ ತಪ್ಪದೆ ಪಾಲಿಸಿದ್ದನ್ನು ಅವಳು ಹೂವಿನ ಕುಂಡಗಳ ನಡುವೆ, ದೊಡ್ಡದು ಮಾಡಿಸಿ ಚೌಕಟ್ಟು ಹಾಕಿಸಿ ನಿಲ್ಲಿಸಿದ್ದಳು.

ಅವಳ ದೋಣಿ ಕಂಡು ಡೆಲ್ಮರ್ ಫೋನನ್ನು ಕೆಳಗಿಳಿಸಿದ. ಒಂದು ಗಳಿಗೆ ಮಾತ್ರ. "ಬನ್ನಿ ಅತ್ತಿಗೆ," ಅಂದ. "ಜಾಗಕ್ಕೇನೂ ಕಮ್ಮಿ ಇಲ್ಲ. ಚರ್ಚಿನ ಬೆಂಚಿಗಿಂತ ವಾಸಿ."

ಆಚೆಯ ದೋಣಿಯಲ್ಲಿ ಯಾರೋ ನಕ್ಕರು. ರೋಲಿ ಟೋಪಿಯನ್ನು ಮುಂದಕ್ಕೆಳೆದುಕೊಂಡು ದಾರದ ಉರುಳೆಯನ್ನು ನೋಡುತ್ತ ಕೂತ.

"ನೀರು ಎಂಬತ್ತೆರಡಿದೆ, ಡೆಲ್ಮರ್."

"ನಾವೇನು ತಿನ್ನೋಕೆ ಹಿಡೀತೀವಾ? ಹಿಡಿದು ಬಿಟ್ಬಿಡ್ತೀವಿ."

"ಈ ನೀರಲ್ಲಿ ಬಿಟ್ರೂ ಉಳಿಯಲ್ಲ. ನಿಂಗೇ ಗೊತ್ತು."

"ಅಣ್ಣ ಹೇಳ್ತಿದ್ದ ಮಾತು," ಅಂದ ಡೆಲ್ಮರ್. "ಈ ಸರೋವರದ ವಿಚಾರ ಅಣ್ಣ ನಂಗೆ ಹೇಳಿದ್ದು ಅದೊಂದೇ."

ಅವನೇ ಮುಂದುವರಿಸಿ ಹೇಳಿದ: ಮೀನು ಇರುವುದು ನಿಜ, ಎರಡು ದಿನದಲ್ಲಿ ಎರಡು ಸಲ ಹಿಂದೆ ಬಂದಿತ್ತು, ದೋಣಿಯ ಪಕ್ಕ ನಿಂತು ಇವರನ್ನೇ ನೋಡಿ ಹೋಯಿತು, ಹದಿನೆಂಟು ಬಗೆ ಹಾಕಿದರೂ ಕಚ್ಚಲಿಲ್ಲ. ಅಣ್ಣ ಇಲ್ಲಿ ಏನನ್ನು ಹಾಕುತ್ತಿದ್ದನೆಂದು ಅತ್ತಿಗೆಗೆ ನೆನಪಿರಬಹುದು; ಭಾನುವಾರ ಮನೆ ಕಡೆ ಬರುತ್ತೇನೆ. ಅವಳು ಎಂಜಿನ್ನು ಹಚ್ಚಿ ದೋಣಿ ತಿರುಗಿಸಿದಳು.

ಭಾನುವಾರ ಪ್ರಾರ್ಥನೆ ಮುಗಿಸಿಕೊಂಡು, ಮಾರ್ಲಿಸ್ ಕೊಟ್ಟ ಒಂದು ಬಕೆಟ್ ಟೊಮೇಟೊ ಹಿಡಿದು ಅವನು ಬಂದ. ಅದೇ ಕಪ್ಪು ಕೋಟು, ಅಣ್ಣನ ಶವಪೆಟ್ಟಿಗೆ ಹೊತ್ತಾಗ ತೊಟ್ಟದ್ದು. ಫೋಟೋಗೆ ಬೆನ್ನು ಹಾಕಿ ಕೂತು ಕಾಫಿ ಕುಡಿದ. ಆಮೇಲೆ ಅವನು ಆಡಿದ್ದು ಅವಳು ನೆನೆಸಿದ್ದ ಮಾತಾಗಿರಲಿಲ್ಲ.

"ನಾನು ಕೇಳಿದ್ದೆ ಅತ್ತಿಗೆ. ಅಪ್ಪ ಹೋದ ವರ್ಷ ಕೇಳ್ದೆ. ಆಮೇಲೂ ಹತ್ತು ಸಲ ಕೇಳಿರ್ಬೋದು. ಒಂದು ದಿನ ಕರ್ಕೊಂಡು ಹೋಗು, ಕಣ್ಣು ಕಟ್ಟಿ ಬೇಕಾದ್ರೂ ಕರ್ಕೊಂಡು ಹೋಗು ಅಂದೆ. ಏನಂದ ಗೊತ್ತಾ? ಆ ಜಾಗ ನಂದಲ್ಲ, ಕೊಡೋಕೆ ಬರಲ್ಲ ಅಂದ. ನಿಂದಲ್ದೆ ಇನ್ಯಾರ್ದೋ, ದೇವ್ರುದಾ ಅಂದೆ. ನಕ್ಕ. ಸ್ವಂತ ತಮ್ಮನ ಮುಂದೆ ನಿಂತ್ಕೊಂಡು ನಗ್ತಾನೆ."

ಆರ್ಡಿಸ್ ಲೋಟದ ಹಿಡಿಯನ್ನೇ ನೋಡುತ್ತಿದ್ದಳು. ನನ್ನದು, ಎಂದು ಒಂದು ಮಾತು ಹೇಳಿದ್ದರೆ ಅಣ್ಣನ ಮೇಲಿನ ಮೂವತ್ತು ವರ್ಷದ ಹೊರೆ ಅಲ್ಲೇ ಇಳಿಯುತ್ತಿತ್ತೇನೋ. ಅವಳು ಹೇಳಲಿಲ್ಲ. ಹಾಲ್ವರ್ ಹೀಗೆ ಹೇಳಿದ್ದನೆಂಬುದು ಅವಳಿಗೇ ಈಗ ತಿಳಿಯುತ್ತಿತ್ತು. ಅದನ್ನು ಇವನ ಬಾಯಿಂದ ಕೇಳಬೇಕಾಯಿತಲ್ಲ ಎಂದು ಮನಸ್ಸು ಕಹಿಯಾಯಿತು.

"ಸೆಪ್ಟೆಂಬರ್ ತನಕ ತಡ್ಕೋ," ಅಂದಳು. "ನಾನೇ ನಿನ್ನ ಕರ್ಕೊಂಡು ಹೋಗ್ತೀನಿ. ನಾನೇ ಎಂಜಿನ್ನು ಹಿಡೀತೀನಿ."

"ಸೆಪ್ಟೆಂಬರ್ ತನಕ ಉಳಿದ ದೋಣಿಯೋರು ಬಿಡ್ತಾರಾ? ನಾನು ಹಿಡೀದಿದ್ರೆ ರೋಲಿ ಹಿಡೀತಾನೆ. ಅಣ್ಣನ ಮೀನು ಅಂಗಡಿಯವನ ಪಾಲಾಗ್ಬೇಕಾ?" ಅವನು ಮೇಜಿನ ಮೇಲೆ ಬಾಗಿದ. "ಅವನು ಏನು ಹಾಕ್ತಿದ್ದ, ಹೇಳಿ ಸಾಕು."

ಹನ್ನೆರಡನೆಯ ವಯಸ್ಸಿನಲ್ಲಿ ಆರ್ಡಿಸ್ ಇದೇ ಚರ್ಚಿನಲ್ಲಿ, ಸಭೆಯ ಮುಂದೆ ನಿಂತು, ಹತ್ತು ಆಜ್ಞೆಗಳನ್ನೂ ಅರ್ಥಸಹಿತ ಬಾಯಿಪಾಠ ಒಪ್ಪಿಸಿದ್ದಳು. ಸುಳ್ಳು ಸಾಕ್ಷಿ ಹೇಳಬೇಡ ಎಂಬ ಆಜ್ಞೆಗೆ ಬಂದಾಗ ಮುಂದಿನ ಬೆಂಚಿನಲ್ಲಿ ಅಜ್ಜಿಯ ತುಟಿಯೂ ಜೊತೆಗೆ ಆಡುತ್ತಿದ್ದುದು ಇಂದಿಗೂ ಕಣ್ಣಿಗೆ ಕಟ್ಟಿತ್ತು. ಅವಳು ಎದ್ದು ಹಿಂದಿನ ಶೆಡ್ಡಿಗೆ ಹೋದಳು. ಗೋಡೆಯುದ್ದಕ್ಕೂ ಹುಸಿಮೀನುಗಳು ಮೊಳೆಗೆ ತೂಗುತ್ತಿದ್ದವು. ಕರ‍್ರಗಿನದು, ಬೆನ್ನು ಸವೆದದ್ದು, ಬಾಗಿಲ ಪಕ್ಕದ ಮೊಳೆಯಲ್ಲಿತ್ತು. ಅದನ್ನು ಎಸೆದು, ಮುಳುಗಲು ಬಿಟ್ಟು, ಉಸಿರು ಎಣಿಸುತ್ತ, ಸತ್ತ ಎಲೆ ಸರಿದ ಹಾಗೆ ಎಳೆಯಬೇಕು. ಅದೂ ದಿಬ್ಬದ ನೆತ್ತಿಯ ಮೇಲೆ, ಸೀಡರಿನ ನೆರಳು ಬೀಳುವ ಕಡೆ. ಅವಳ ಕೈ ಅದನ್ನು ದಾಟಿ ಹೋಯಿತು. ಒಂದೊಂದನ್ನೇ ನೋಡಿದಳು. ಇಷ್ಟು ವರ್ಷ ಯಾವುದು ಸರಿ ಎಂದು ಆರಿಸಿದ ಕಣ್ಣು ಅಂದು ಯಾವುದು ಎಲ್ಲಕ್ಕಿಂತ ತಪ್ಪು ಎಂದು ಆರಿಸುತ್ತಿತ್ತು. ಮೂಲೆಯಲ್ಲಿ, ಎಂದೂ ನೀರು ಕಾಣದ, ಕಿತ್ತಳೆ ಬಣ್ಣದ ಎರಡು ಅಗಲ ತಗಡಿನ, ಜಿಂಕೆಬಾಲದ ಕೂದಲು ಕಟ್ಟಿದ ದೊಡ್ಡ ಕುಚ್ಚೊಂದು ತೂಗುತ್ತಿತ್ತು. ಹಾಲ್ವರ್ ಕೊಂಡು ತಂದ ದಿನವೇ, ಇದನ್ನು ಕ್ರಿಸ್‌ಮಸ್ ಮರಕ್ಕೆ ಕಟ್ಟು ಎಂದು ಅವಳು ಹಾಸ್ಯ ಮಾಡಿದ್ದಳು.

ಅದನ್ನು ತಂದು ಡೆಲ್ಮರ್‌ನ ಮುಂದಿಟ್ಟಳು.

"ಇದೇ. ಮಟಮಟ ಮಧ್ಯಾಹ್ನ ಹಾಕ್ತಿದ್ರು. ಎಷ್ಟು ಜೋರಾಗಿ ಸುತ್ತೋಕಾಗುತ್ತೋ ಅಷ್ಟು ಜೋರಾಗಿ ಸುತ್ತಬೇಕು."

"ದಿಬ್ಬದ ಮೇಲೇನಾ?"

"ಅಲ್ಲ. ದಿಬ್ಬಕ್ಕೆ ಬೆನ್ನು ಹಾಕಿ ನಿಂತ್ಕೋ. ಉತ್ತರದ ಕಡೆ, ಆಳದಲ್ಲಿ. ಅಲ್ಲಿ ಏನೂ ಇಲ್ವಲ್ಲ ಅನ್ಸುತ್ತೆ. ಅಲ್ಲೇ ಹಾಕು."

ಡೆಲ್ಮರ್ ಕುಚ್ಚನ್ನು ಅಂಗೈ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದ. "ಇದು ನಂಗೆ ಯಾವತ್ತೂ ಹೊಳೀತಿರ್ಲಿಲ್ಲ," ಅಂದ. ಹೊರಡುವಾಗ ಬಗ್ಗಿ ಅತ್ತಿಗೆಯ ಕೆನ್ನೆಗೆ ಕೆನ್ನೆ ತಾಗಿಸಿದ. ಹಿಂದೆಂದೂ ಹಾಗೆ ಮಾಡಿದವನಲ್ಲ. ಅವಳು ಪಾತ್ರೆ ತೊಳೆದಳು. ಮಲಗುವ ಮೊದಲಿನ ಪ್ರಾರ್ಥನೆಯಲ್ಲಿ ಎಲ್ಲವನ್ನೂ ಹೇಳಿಕೊಂಡಳು, ಕ್ಷಮೆ ಕೇಳುವುದೊಂದನ್ನು ಬಿಟ್ಟು. ದೇವರಿಗೆ ತಿಳಿದೀತು ಎಂದುಕೊಂಡಳು.

ಮಂಗಳವಾರ ಸಂಜೆ ಅಂಗಳದಲ್ಲಿ ಗಾಡಿಯ ಹಾರ್ನು ಒಂದೇ ಸಮ ಕೂಗಿತು. ಡೆಲ್ಮರ್ ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಬಂದ. ಅಂಗಿಯ ತೋಳು ಮೊಣಕೈವರೆಗೆ ಇನ್ನೂ ಒದ್ದೆ.

"ನಿಮ್ಮ ಮಾತು ಅಂದ್ರೆ ಮಾತು ಅತ್ತಿಗೆ. ಮೂರನೇ ಎಸೆತ. ನೀವು ಹೇಳಿದ್ರಲ್ಲ ಆಳದ ಕಡೆ, ಅಲ್ಲೇ. ದಿಬ್ಬದ ಮೇಲೆ ಅವಳು ಇರ್ಲೇ ಇಲ್ಲ. ತಣ್ಣೀರು ಹುಡುಕ್ಕೊಂಡು ಆಳಕ್ಕೆ ಹೋಗಿ ತೇಲ್ತಾ ನಿಂತಿದ್ಲು. ಜೋರಾಗಿ ಸುತ್ತಿದೆ ನೋಡಿ, ಬಂದ್ಲು ಬಂದ್ಲು, ರೈಲು ಬಂದಂಗೆ ಬಂದ್ಲು."

ಆರ್ಡಿಸ್ ಕುರ್ಚಿ ಎಳೆದುಕೊಂಡು ಕೂತಳು. ಬಿಸಿನೀರಿನಲ್ಲಿ ಆ ಮೀನು ಎಲ್ಲಿರುತ್ತದೆ, ಯಾವುದನ್ನು ಬೆನ್ನಟ್ಟುತ್ತದೆ ಎಂದು ಅವಳು ಎಂದೂ ಕಂಡವಳಲ್ಲ. ಕೆಂಪು ಗೆರೆ ದಾಟಿದ ಮೇಲೆ ಅವಳು ಅಲ್ಲಿಗೆ ಹೋಗಿಯೇ ಇರಲಿಲ್ಲ.

"ಎಷ್ಟು ಹೊತ್ತು ಹೊರಗಿಟ್ಟಿದ್ರಿ?"

ಹೆಚ್ಚೇನಿಲ್ಲ ಎಂದ ಅವನು. ಅಳತೆ ಮಾಡಿದ್ದಾಯಿತು, ಐವತ್ತನಾಲ್ಕೂವರೆ. ಆಮೇಲೆ ಫೋಟೋ. ಮೊದಲನೆಯದರಲ್ಲಿ ಬಂಡೆ ಬಂದುಬಿಟ್ಟಿತ್ತು, ಅಳಿಸಿಹಾಕಿದರು. ಎರಡನೆಯದರಲ್ಲಿ ಸೀಡರಿನ ತುದಿ. ಕೊನೆಗೆ ರೋಲಿ ದೋಣಿಯ ತಳದಲ್ಲಿ ಅಂಗಾತ ಮಲಗಿ ತೆಗೆದ, ಅವನ ಹೊಟ್ಟೆ ಅಡ್ಡ ಬಂತೆಂದು ಎಲ್ಲರೂ ನಕ್ಕರು, ಏಳನೆಯದು ಸರಿಬಂತು. ಡೆಲ್ಮರ್ ಫೋನನ್ನು ಅವಳ ಮುಂದೆ ಹಿಡಿದ. ಬಿಸಿಲಿಗೆ ಕಿವಿಚಿದ ಕಣ್ಣು, ಟೋಪಿಯ ನೆರಳು, ಎರಡು ಕೈ ತುಂಬ ಮೀನು, ಹಿಂದೆ ಬಿಳಿ ಆಕಾಶ. ಗಲ್ಲ ಹಾಲ್ವರ್‌ನದೇ.

"ಒಂದೆಲೆ ಕಾಣ್ಸುತ್ತಾ ನೋಡಿ," ಅಂದ ಹೆಮ್ಮೆಯಿಂದ. "ಅಣ್ಣನ ಥರಾನೇ."

"ಬಿಟ್ಟಾಗ ಹೇಗೆ ಹೋದ್ಲು?"

"ಚೆನ್ನಾಗೇ ಹೋದ್ಲು." ಫೋನನ್ನು ಅಂಗಿಯ ಜೇಬಿಗೆ ಹಾಕಿಕೊಂಡ. "ಒಂಚೂರು ವಾಲ್ಕೊಂಡು ಹೋದ್ಲು. ಅಷ್ಟೇ."

ಕುಚ್ಚನ್ನು ಅವನು ಜೇಬಿನಿಂದ ತೆಗೆದು, ಅಣ್ಣನದು, ನಿಮ್ಮ ಹತ್ತಿರವೇ ಇರಲಿ ಎಂದು ಮೇಜಿನ ಮೇಲಿಟ್ಟ. ಒಂದು ಕೊಕ್ಕೆ ನೆಟ್ಟಗಾಗಿತ್ತು. ಜಿಂಕೆಯ ಕೂದಲಿಗೆ ಮೀನಿನ ಲೋಳೆ ಒಣಗಿ ಅಂಟಿತ್ತು. ಬಾಗಿಲಲ್ಲಿ ನಿಂತು, ಕನ್ನಡಕದ ಅಡಿಗೆ ಬೆರಳು ತೂರಿಸಿ ಕಣ್ಣೊರೆಸಿಕೊಂಡು ಅವನು ಹೇಳಿದ, "ಮೂವತ್ತು ವರ್ಷ ಅತ್ತಿಗೆ. ಕೊನೆಗೂ ಅಣ್ಣನೇ ಹೇಳ್ಕೊಟ್ಟಂಗಾಯ್ತು ನೋಡಿ." ಈಗ ಅವನು ನಿಜವಾಗಿ ಅಳುತ್ತಿದ್ದ.

ಅಂದಿನಿಂದ ವಾಯವ್ಯದ ಗಾಳಿ ಬೀಳದೆ ಬೀಸಿತು. ಬುಧವಾರ, ಗುರುವಾರ ಆರ್ಡಿಸ್ ಕಟ್ಟೆಯ ತುದಿಗೆ ಹೋಗಿ ನಿಂತು ಬಂದಳು. ಶುಕ್ರವಾರ ದೋಣಿ ಬಿಚ್ಚಿದಳು. ಮೂರು ದಿನದ ಗಾಳಿ ಏನನ್ನು ಎಲ್ಲಿಗೆ ಒಯ್ದು ಹಾಕುತ್ತದೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ದಿಬ್ಬದ ಕಡೆ ಹೋಗದೆ ನೇರವಾಗಿ ಆಗ್ನೇಯದ ಕೊಲ್ಲಿಗೆ ಹೋದಳು. ಕೊಲ್ಲಿಯಲ್ಲೂ ಹುಡುಕಾಡದೆ, ಬಿದ್ದ ಬರ್ಚ್ ಮರದ ಪಕ್ಕದ ಜೊಂಡಿನೊಳಕ್ಕೆ ಮೂತಿ ತಿರುಗಿಸಿ ಎಂಜಿನ್ನು ನಿಲ್ಲಿಸಿದಳು. ಎರಡು ಕಡಲಕ್ಕಿ ಎದ್ದು ಹಾರಿದವು. ಮೀನಿನ ಬಿಳಿ ಹೊಟ್ಟೆ ಮೇಲಾಗಿತ್ತು. ಹುಟ್ಟಿನಿಂದ ಹೊರಳಿಸಿ ಎಡ ಕಿವಿರನ್ನು ನೋಡಿದಳು; ಬಿಳಿಯ ಗಾಯದ ಗುರುತು ಅಲ್ಲಿತ್ತು.

ಮೀನು ಅವಳೊಬ್ಬಳಿಂದ ಎತ್ತುವಷ್ಟು ಹಗುರವಿರಲಿಲ್ಲ. ಲಂಗರುಕಲ್ಲಿನ ಹಗ್ಗವನ್ನು ಬಾಲಕ್ಕೆ ಕಟ್ಟಿ, ಕಲ್ಲಿನ ಸಮೇತ ಆಳದ ನೀರಿಗೆ ಎಳೆದೊಯ್ದು ಬಿಟ್ಟಳು. ನಾನು ಕೇಳ್ದೆ ಅಂತ ಹೇಳು, ಅಂದಿದ್ದ ಮಾತು ನಾಲಗೆಯ ಮೇಲಿತ್ತು. ಆಡಲಿಲ್ಲ. ಹಗ್ಗ ಸುರುಳಿ ಬಿಚ್ಚಿಕೊಂಡು ಕೆಳಗೆ ಹೋಗುವುದನ್ನು ಅದರ ತುದಿಯೂ ಮುಳುಗುವವರೆಗೆ ನೋಡಿದಳು.

ಮನೆಗೆ ಬಂದು ಒದ್ದೆ ಬೂಟು ಬಿಚ್ಚಿದಾಗ ಪಡುವಣ ಬಿಸಿಲು ಕಿಟಕಿಗೆ ಬಂದಿತ್ತು. ಬಟ್ಟಲಿನಲ್ಲಿ ನೀರಿಗೆ ಒಂದಿಷ್ಟು ವಿನಿಗರ್ ಬೆರೆಸಿದಳು. ಹಳೆಯ ಪತ್ರಿಕೆಯ ಹಾಳೆಯನ್ನು ಮುದ್ದೆ ಮಾಡಿ ಅದ್ದಿ, ಫೋಟೋದ ಮುಂದೆ ಕುರ್ಚಿ ಎಳೆದುಕೊಂಡು ಹತ್ತಿದಳು. ಮುಖದ ಮೇಲೆ ಒರೆಸುವುದಕ್ಕೇನೂ ಇರಲಿಲ್ಲ; ಅಲ್ಲಿ ಒಂದು ಬೆರಳೂ ತಾಗಿರಲಿಲ್ಲ. ಬಲಭುಜದ ಹತ್ತಿರ ಜಿಡ್ಡು ಒಣಗಿ ಮಂಜಿನ ಹಾಗೆ ಕೂತಿತ್ತು, ಒಂದೇ ಸಲಕ್ಕೆ ಬಿಡಲಿಲ್ಲ. ಬಾಯಿಂದ ಆವಿ ಊದಿ ಮತ್ತೆ ಉಜ್ಜಿದಳು. ಉಜ್ಜಿದ ಹಾಗೆ ಹಿಂದಿನಿಂದ ಬಂಡೆಯ ಸೀಳು, ಸೀಡರಿನ ಒಂದೊಂದು ಟೊಂಗೆ, ಬುಡದಲ್ಲಿ ನೀರು ಬಿಟ್ಟುಹೋದ ಬಿಳಿಯ ಗೆರೆ ತಿಳಿಯಾಗಿ ಎದ್ದು ಬರತೊಡಗಿದವು. ಅವಳು ಹೊಸ ಹಾಳೆಯೊಂದನ್ನು ಮುದ್ದೆ ಮಾಡಿಕೊಂಡಳು.